ಬಾಗಿದ ಬೆರಳು

ಕಾಲಿನ ಹೆಬ್ಬೆರಳಿನ ಪಕ್ಕದ, ನಮ್ಮ ಹೆಂಗಸರು ಕಾಲುಂಗುರವನ್ನು ಧರಿಸುವ ಎರಡನೆಯ ಬೆರಳು, ಬಹುಮಟ್ಟಿಗೆ ಅದೇ, ನಡುಗಂಟಿನಲ್ಲಿ ಮೇಲಕ್ಕೆ ಉಬ್ಬಿ, ತುದಿಯಲ್ಲಿ ನೆಲದ ಕಡೆಗೆ ಬಾಗಿ, ಸುತ್ತಿಗೆಯ ಆಕೃತಿಯನ್ನು ತಾಳುವ ವಿಕಾರಕ್ಕೆ ವೈದ್ಯರು ‘ಹ್ಯಾಮರ್ ಟೋ’ ಎನ್ನುತ್ತಾರೆ. ಹೆಬ್ಬೆರಳಿಗೆ 2, ಉಳಿದ ಬೆರಳುಗಳಿಗೆ ಸಾಮಾನ್ಯವಾಗಿ ತಲಾ 3 ಎಲುಬುಗಳಿರುವುವಷ್ಟೆ. ಅವುಗಳನ್ನು ನೇರವಾಗಿ ಹಿಡಿದಿರುವ ಪಾದದೊಳಗಣ ಕಿರುಸ್ನಾಯುಗಳಿಗೂ ಮೊಳಕಾಲ ಕೆಳಗಿನಿಂದ ಇಳಿದುಬರುವ ದೀರ್ಘಸ್ನಾಯುಗಳಿಗೂ ಇರುವ ಸಮತೋಲವು, ಮೂತಿ ಕಿರಿದಾದ ಬೂಟಿನಿಂದಾಗಲಿ, ಎತ್ತರದ ಹಿಮ್ಮಡಿಯ ಪಾದರಕ್ಷೆಯಿಂದಾಗಲಿ, ಸಂಧಿವಾತದಿಂದಾಗಲಿ, ಮಧುಮೇಹದಿಂದ ನರಗಳು ಕ್ಷೀಣಿಸುವುದರಿಂದಾಗಲಿ ಕೆಟ್ಟಾಗ, ಬೆರಳು ಮಡಿಚಿದಂತೆಯೇ ನಿಂತುಬಿಡುತ್ತದೆ. ಉಬ್ಬಿದ ಗಂಟಿಗೆ ಪಾದರಕ್ಷೆ ಉಜ್ಜಿ ಆಣಿ ಏಳುತ್ತದೆ.

ಕೈಯಿಂದ ಮೆಲ್ಲನೆ ಎಳೆದರೆ ಬೆರಳು ನೆಟ್ಟಗಾಗುವುದೋ ಇಲ್ಲವೋ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಆಗುವುದಾದರೆ, ಬೆರಳುಗಳಿಗೆ ಅವಕಾಶವಿರುವ ಅಗಲ ಮೂತಿಯ ಪಾದರಕ್ಷೆ, ಗಂಟಿನ ಮೇಲೊಂದು ಮೆತ್ತೆ, ದಿನವೂ ಬೆರಳನ್ನು ಎಳೆದು ನೇರಗೊಳಿಸುವ ಅಭ್ಯಾಸ, ಇವು ನೋವನ್ನು ತಗ್ಗಿಸಬಲ್ಲವು. ಈಗಾಗಲೇ ಬಾಗಿದುದನ್ನು ಪೂರ್ಣವಾಗಿ ತಿದ್ದುವುದು ಅವುಗಳಿಂದಾಗದು. ಸಂಧಿಯು ಜಡವಾಗಿ, ನಡೆಯುವುದೇ ಯಾತನೆಯಾದಲ್ಲಿ, ಎಲುಬಿನ ಅಲ್ಪಭಾಗವನ್ನು ತೆಗೆದು, ಬೆರಳನ್ನು ನೇರವಾಗಿಸಿ, ಕೆಲವು ವಾರಗಳ ಕಾಲ ಲೋಹದ ತೆಳುತಂತಿಯಿಂದ ಹಿಡಿದಿರಿಸುವ ಶಸ್ತ್ರಚಿಕಿತ್ಸೆಯುಂಟು.

ಮಧುಮೇಹಿಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ: ಆಣಿಯನ್ನು ಬ್ಲೇಡಿನಿಂದ ತಾವೇ ಕೆತ್ತಿಕೊಳ್ಳುವುದನ್ನೂ ಅಂಗಡಿಯ ಆಣಿಪಟ್ಟಿಯನ್ನು ಅಂಟಿಸಿಕೊಳ್ಳುವುದನ್ನೂ ಅವರು ಬಿಡಲೇಬೇಕು, ಏಕೆಂದರೆ ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಹುಣ್ಣು ನೋವಿಲ್ಲದೆಯೇ ಬೆಳೆದು ಎಲುಬನ್ನು ಮುಟ್ಟೀತು.