ಕೂಸಿಗೆ ತಕ್ಕ ಔಷಧ



ಅಪ್ಪನ ಅಂಗಿಯನ್ನು ನಡುವೆ ಕತ್ತರಿಸಿದರೆ ಮಗನ ಅಂಗಿ ಆಗುತ್ತದೆಯೇ? ಆಗುವುದಿಲ್ಲ. ತೋಳು ಉದ್ದ ಉಳಿಯುತ್ತದೆ, ಕೊರಳು ಅಗಲ ಉಳಿಯುತ್ತದೆ. ಕೂಸಿನ ಅಂಗಿಗೆ ಕೂಸಿನ ಅಳತೆಯನ್ನೇ ತೆಗೆದುಕೊಳ್ಳಬೇಕು.

ಔಷಧವೂ ಹಾಗೆಯೇ. ಆದರೆ ನಾವು ಏನು ಮಾಡುತ್ತೇವೆ? ಕೂಸಿಗೆ ಜ್ವರ ಬಂತು. ಮನೆಯಲ್ಲಿ ದೊಡ್ಡವರ ಗುಳಿಗೆ ಇದೆ. "ಅರ್ಧಾ ಮುರದು ಕೊಡವ್ವಾ, ಸಾಕು" ಎನ್ನುತ್ತಾರೆ. ಇದು ಸರಿಯೇ? ಬನ್ನಿ, ತಿಳಿಯೋಣ.

ಅರ್ಧ ಗುಳಿಗೆ ಯಾಕೆ ಬೇಡ?

ಮಕ್ಕಳಿಗೆ ಔಷಧವನ್ನು ತೂಕ ನೋಡಿ ಕೊಡುತ್ತಾರೆ. 6 ಕಿಲೋ ಕೂಸಿಗೆ ಬೇಕಾದಷ್ಟು ಬೇರೆ. 12 ಕಿಲೋ ಮಗುವಿಗೆ ಬೇಕಾದಷ್ಟು ಬೇರೆ. ಅರ್ಧ ಎಂಬುದು ಅಂದಾಜು. ಅಂದಾಜು ತಪ್ಪಿದರೆ ಒಂದೋ ರೋಗ ವಾಸಿ ಆಗುವುದಿಲ್ಲ, ಇಲ್ಲವೇ ಔಷಧವೇ ವಿಷ ಆಗುತ್ತದೆ.

ಕೈಯಿಂದ ಮುರಿದಾಗ ಗುಳಿಗೆ ಸರಿಯಾಗಿ ಎರಡು ಪಾಲು ಆಗುವುದಿಲ್ಲ. ಒಂದು ಚೂರು ದೊಡ್ಡದು, ಒಂದು ಸಣ್ಣದು. ಪುಡಿಯೂ ಉದುರುತ್ತದೆ. ಕೆಲವು ಗುಳಿಗೆಗಳ ಮೇಲೆ ಒಂದು ಹೊದಿಕೆ ಇರುತ್ತದೆ. ಔಷಧ ಹೊಟ್ಟೆಯಲ್ಲಿ ನಿಧಾನಕ್ಕೆ ಕರಗಲಿ ಎಂದು ಆ ಹೊದಿಕೆ ಹಾಕಿರುತ್ತಾರೆ. ಅದನ್ನು ಅರೆದರೆ ಔಷಧ ಒಮ್ಮೆಲೇ ಮೈಗೆ ಏರುತ್ತದೆ.

ಇನ್ನು ಕಹಿ. ಕಹಿ ಗುಳಿಗೆಯನ್ನು ಕೂಸು ಉಗುಳುತ್ತದೆ. ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ನಿಮ್ಮ ಸೆರಗಿಗೆ ಬಿತ್ತು, ಯಾರಿಗೆ ಗೊತ್ತು?

ಬಾಟಲಿಯ ಮೇಲಿನ ಅಂಕಿ ಓದಿ

ಹಾಗಾದರೆ ಕುಡಿಯುವ ಔಷಧ, ಅಂದರೆ ಸಿರಪ್ ಒಳ್ಳೆಯದಲ್ಲವೇ? ಒಳ್ಳೆಯದು. ಆದರೆ ಅಂಕಿ ಓದಬೇಕು. ಈಗ ನೀವು ಅಂಕಿ ಓದಬಲ್ಲಿರಿ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಔಷಧವನ್ನೇ ನೋಡಿ. ಇದರ ಬಾಟಲಿಗಳು ಒಂದೇ ಬಗೆಯವಲ್ಲ. ಒಂದು ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಔಷಧ ಇರುತ್ತದೆ. ಇನ್ನೊಂದರಲ್ಲಿ 5 ಮಿಲಿಲೀಟರಿಗೆ 250 ಇರುತ್ತದೆ. ಸಣ್ಣ ಕೂಸಿನ ಹನಿ ಔಷಧದಲ್ಲಿ ಬರೀ 1 ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ.

ಲೆಕ್ಕ ಹಾಕೋಣ. ಹನಿ ಔಷಧವನ್ನು ಸಿರಪ್ ಎಂದು ತಿಳಿದು 5 ಮಿಲಿಲೀಟರ್ ಕುಡಿಸಿದರೆ ಎಷ್ಟಾಯಿತು? 500 ಮಿಲಿಗ್ರಾಂ. ಅಂದರೆ 125ರ ನಾಲ್ಕು ಪಟ್ಟು! ಔಷಧದ ಹೆಸರು ಒಂದೇ, ಬಾಟಲಿಯೂ ಸಣ್ಣದು. ಆದರೆ ಅಪಾಯ ದೊಡ್ಡದು.

ಮನೆಯ ಚಮಚವನ್ನೂ ನಂಬಬೇಡಿ. ಒಂದು ಮನೆಯ ಚಮಚ ಸಣ್ಣದು, ಇನ್ನೊಂದು ಮನೆಯದು ದೊಡ್ಡದು. ಬಾಟಲಿಯ ಜೊತೆ ಬಂದ ಗೆರೆ ಇರುವ ಮುಚ್ಚಳ ಅಥವಾ ಪಿಚಕಾರಿಯಿಂದಲೇ ಅಳೆಯಿರಿ.

ಅಳತೆ ತಪ್ಪದಂತೆ ಬಾಟಲಿಯನ್ನೇ ಬದಲಿಸಿದ್ದೂ ಉಂಟು. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಯೋಜನೆಯಲ್ಲಿ 6 ತಿಂಗಳಿನಿಂದ 5 ವರ್ಷದ ಮಕ್ಕಳಿಗೆ ಕಬ್ಬಿಣಾಂಶದ ಸಿರಪ್ ಇದೆ. ವಾರಕ್ಕೆ ಎರಡು ಸಲ, ಒಂದು ಸಲಕ್ಕೆ 1 ಮಿಲಿಲೀಟರ್. ಅದರ ಬಾಟಲಿಗೆ ಅಷ್ಟೇ ಔಷಧ ಹೊರಬರುವ ಸಾಧನ ಇಟ್ಟಿದ್ದಾರೆ. ಚಮಚದ ಗೊಡವೆಯೇ ಇಲ್ಲ.

ಸಿರಪ್ಪಿನ ಇನ್ನೊಂದು ಭಯ

2025ರ ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ದ್ರವ ಇತ್ತು. ಅದು ಮಕ್ಕಳ ಮೂತ್ರಪಿಂಡ ಕೆಡಿಸಿತು. ಔಷಧ ಕೊಟ್ಟ ತಾಯಂದಿರ ತಪ್ಪು ಏನೂ ಇರಲಿಲ್ಲ. ಕೂಸು ಗುಣವಾಗಲಿ ಎಂದೇ ಕೊಟ್ಟಿದ್ದರು.

ಆಗ ಕೇಂದ್ರ ಸರ್ಕಾರ ತಿಳಿಸಿದ್ದು ಇದು: 2 ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬೇಡವೇ ಬೇಡ. 5 ವರ್ಷದ ಒಳಗಿನವರಿಗೂ ಸಾಮಾನ್ಯವಾಗಿ ಬೇಡ. ಬಹಳಷ್ಟು ಕೆಮ್ಮು ತಾನಾಗಿಯೇ ಕಡಿಮೆ ಆಗುತ್ತದೆ. ಆದರೆ ಕೂಸು ಏದುಸಿರು ಬಿಡುತ್ತಿದ್ದರೆ, ಹಾಲು ಕುಡಿಯದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ.

ನೀರಿನಲ್ಲಿ ಕರಗುವ ಗುಳಿಗೆ

ಗುಳಿಗೆ ನುಂಗಲು ಆಗದು. ಸಿರಪ್ಪಿನ ಬಾಟಲಿ ಭಾರ, ಒಡೆಯುತ್ತದೆ, ಬೇಗ ಕೆಡುತ್ತದೆ. ಹಾಗಾದರೆ ದಾರಿ ಏನು? ವಿಜ್ಞಾನಿಗಳು ನಡುವಿನ ದಾರಿ ಹುಡುಕಿದರು. ಅದೇ ನೀರಿನಲ್ಲಿ ಕರಗುವ ಗುಳಿಗೆ.

ಭೇದಿ ಆದಾಗ ಕೊಡುವ ಜಿಂಕ್ ಗುಳಿಗೆ ಹೀಗೆ ಕರಗುವಂಥದು. ಒಂದು ಚಮಚ ಎದೆಹಾಲು ಅಥವಾ ಶುದ್ಧ ನೀರಿನಲ್ಲಿ ಹಾಕಿದರೆ ಕರಗುತ್ತದೆ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ. 2ರಿಂದ 6 ತಿಂಗಳ ಕೂಸಿಗೆ 10 ಮಿಲಿಗ್ರಾಂ. ಭೇದಿ ನಿಂತರೂ 14 ದಿನ ಕೊಡಬೇಕು. ಜೊತೆಗೆ ಓ.ಆರ್.ಎಸ್. ನೀರು ಕುಡಿಸಬೇಕು.

ಕ್ಷಯ ರೋಗದ ಮಾತು ಕೇಳಿ. ಹಿಂದೆ ಕ್ಷಯ ಬಂದ ಮಕ್ಕಳಿಗೆ ಎಷ್ಟೋ ದೇಶಗಳಲ್ಲಿ ದೊಡ್ಡವರ ಕಹಿ ಗುಳಿಗೆಯನ್ನೇ ಮುರಿದು, ಅರೆದು ಕೊಡುತ್ತಿದ್ದರು. ಅದೂ ತಿಂಗಳುಗಟ್ಟಲೆ. 2015ರ ಕೊನೆಗೆ ಮಕ್ಕಳ ಅಳತೆಯ ಹೊಸ ಗುಳಿಗೆ ಬಂತು. ಒಂದೇ ಗುಳಿಗೆಯಲ್ಲಿ ಎರಡು ಮೂರು ಔಷಧ. ಹಣ್ಣಿನ ರುಚಿ. ನೀರಿನಲ್ಲಿ ಕರಗುತ್ತದೆ. ಅದನ್ನು ತಯಾರಿಸಿದ್ದು ನಮ್ಮ ಭಾರತದ ಕಂಪನಿ. ಅದಕ್ಕೆ ದುಡ್ಡು ಹಾಕಿದ್ದು ಹಲವು ದೇಶಗಳ ಹಣದಿಂದ ನಡೆಯುವ ಸಂಸ್ಥೆ.

ಕಂಪನಿ ತಾನೇ ಯಾಕೆ ದುಡ್ಡು ಹಾಕಲಿಲ್ಲ? ಇಲ್ಲಿಯೇ ವಿಷಯ ಇದೆ.

ದುಡ್ಡು ಯಾರು ಹಾಕಬೇಕು?

ಮಕ್ಕಳ ಔಷಧದಲ್ಲಿ ಲಾಭ ಕಡಿಮೆ, ಕೆಲಸ ಹೆಚ್ಚು. ವಯಸ್ಸಿಗೊಂದು ಅಳತೆ ಬೇಕು, ರುಚಿ ಬೇಕು, ಬೇರೆ ಪರೀಕ್ಷೆ ಬೇಕು. ಬಡವರ ಮಕ್ಕಳ ರೋಗವಾದರೆ ಲಾಭ ಇನ್ನೂ ಕಡಿಮೆ. ಅದಕ್ಕೇ ಎಷ್ಟೋ ಔಷಧಗಳು ದೊಡ್ಡವರಿಗಾಗಿಯೇ ತಯಾರಾದವು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ "ಮಕ್ಕಳ ಅಳತೆಯ ಔಷಧ ಮಾಡಿ" ಎಂದು ಜಗತ್ತಿಗೇ ಹೇಳಬೇಕಾಯಿತು.

ಲಾಭ ಇಲ್ಲದ ಕಡೆ ಸಮಾಜ ದುಡ್ಡು ಹಾಕಬೇಕು. ಇದಕ್ಕೆ ಸಂಶೋಧನಾ ಅನುದಾನ ಎನ್ನುತ್ತಾರೆ. ನಿಮ್ಮ ಸಂಘದ ಸಾಲ ನಿಮಗೆ ಗೊತ್ತು. ಅದನ್ನು ತಿರುಗಿ ಕಟ್ಟಬೇಕು. ಅನುದಾನವನ್ನು ತಿರುಗಿ ಕಟ್ಟಬೇಕಾಗಿಲ್ಲ. ಆದರೆ ಮಾಡಿದ ಕೆಲಸ ತೋರಿಸಬೇಕು, ಲೆಕ್ಕ ಒಪ್ಪಿಸಬೇಕು.

ನಮ್ಮ ದೇಶದಲ್ಲಿ 2012ರಲ್ಲಿ ಕೇಂದ್ರ ಸರ್ಕಾರ ಬೈರಾಕ್ ಎಂಬ ಸಂಸ್ಥೆ ಕಟ್ಟಿತು. ಅದರ ಒಂದು ಯೋಜನೆಯಲ್ಲಿ ಹೊಸ ವಿಚಾರ ತಂದವರಿಗೆ 18 ತಿಂಗಳ ಕೆಲಸಕ್ಕೆ 50 ಲಕ್ಷ ರೂಪಾಯಿವರೆಗೆ ಕೊಡುತ್ತಾರೆ. ಅದು ಮಕ್ಕಳ ಔಷಧಕ್ಕೆ ಮಾತ್ರ ಮೀಸಲಲ್ಲ. ಆದರೆ ಮಕ್ಕಳ ಔಷಧದ ವಿಚಾರ ಇದ್ದವರೂ ಕೇಳಬಹುದು. ನಮಗೆ 50 ಲಕ್ಷ ದೊಡ್ಡದು. ಔಷಧದ ಕೆಲಸದಲ್ಲಿ ಅದು ಬೀಜದ ಕಬ್ಬು ಇದ್ದಂತೆ. ನಾಟಿ ಮಾಡಬಹುದು ಅಷ್ಟೇ. ಮುಂದೆ ನೀರು, ಗೊಬ್ಬರ, ಕಟಾವು, ಕಾರ್ಖಾನೆ ಎಲ್ಲಾ ಇರುತ್ತದೆ. ಬೀಜವೇ ಇಲ್ಲದಿದ್ದರೆ ಬೆಳೆಯೂ ಇಲ್ಲ.

ಇಂಥ ಕೆಲಸ ದೂರದ ಊರಲ್ಲೇ ಆಗಬೇಕೆಂದಿಲ್ಲ. ನಮ್ಮ ನಿಪ್ಪಾಣಿಯಲ್ಲೂ ಔಷಧ ತಯಾರಿಕೆ ಕಲಿಸುವ ಕಾಲೇಜು ಇದೆ. ನಿಮ್ಮ ಮಗಳು ನಾಳೆ ಅಲ್ಲಿ ಕಲಿಯಬಹುದು.

ಕೊಡುವ ರೀತಿ ಬದಲಾದರೆ ಜೀವ ಉಳಿಯುತ್ತದೆ

1971ರಲ್ಲಿ ಬಾಂಗ್ಲಾದೇಶದ ಯುದ್ಧ ನಡೆಯಿತು. ಲಕ್ಷಾಂತರ ಜನ ಪಶ್ಚಿಮ ಬಂಗಾಳಕ್ಕೆ ಓಡಿ ಬಂದರು. ಬನಗಾಂವ್ ಎಂಬಲ್ಲಿ ಕಾಲರಾ ಹಬ್ಬಿತು. ನರಕ್ಕೆ ಹಾಕುವ ಸಲೈನ್ ಸಾಲಲಿಲ್ಲ. ಡಾಕ್ಟರ್ ದಿಲೀಪ್ ಮಹಲನಾಬಿಸ್ ಏನು ಮಾಡಿದರು? ಉಪ್ಪು, ಗ್ಲೂಕೋಸ್, ಸೋಡಾ ಕೂಡಿಸಿ ನೀರಿನಲ್ಲಿ ಕಲಸಿ ಬಾಯಿಂದ ಕುಡಿಸಿದರು. ಕುಡಿಸಿದವರು ಯಾರು? ರೋಗಿಗಳ ಮನೆಯವರೇ. ಮೊದಲು 100 ಜನರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ನೀರು ಕುಡಿದವರಲ್ಲಿ ಸತ್ತವರು 100ಕ್ಕೆ 4ಕ್ಕಿಂತ ಕಡಿಮೆ. ಅದೇ ಇಂದಿನ ಓ.ಆರ್.ಎಸ್.

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳೂ ಇಂಥ ಕೆಲಸದಲ್ಲಿ ಪಾಲು ಕೊಟ್ಟಿದ್ದಾರೆ. ಅದು ಕೂಸಿನ ಔಷಧ ಅಲ್ಲ, ಬಾಣಂತಿಯ ಔಷಧ. ಹೆರಿಗೆ ಆದಾಗ ರಕ್ತ ಹೋಗುವುದನ್ನು ತಡೆಯುವ ಇಂಜೆಕ್ಷನ್ ತಂಪಿನಲ್ಲಿ ಇರಬೇಕು. ಹಳ್ಳಿಯ ಹೆರಿಗೆಯಲ್ಲಿ ತಂಪು ಎಲ್ಲಿಂದ ಬರಬೇಕು? 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ವೈದ್ಯರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಗುಳಿಗೆಯ ಪರೀಕ್ಷೆ ಮಾಡಿದರು. 1620 ಹೆಣ್ಣುಮಕ್ಕಳು ಒಪ್ಪಿ ಸೇರಿದರು. ಗುಳಿಗೆ ಕೊಟ್ಟವರು ನರ್ಸಬಾಯಿಯರು. ಔಷಧ ಇಲ್ಲದ ಗುಳಿಗೆ ತಿಂದವರಲ್ಲಿ 100ಕ್ಕೆ 12 ಜನರಿಗೆ ಹೆಚ್ಚು ರಕ್ತ ಹೋಯಿತು. ಔಷಧದ ಗುಳಿಗೆ ತಿಂದವರಲ್ಲಿ ಅದು 6ರ ಹತ್ತಿರಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೂ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಹೆಬ್ಬೆಟ್ಟಿಗೆ ಮೊದಲು ಓದು

ಹೊಸ ಔಷಧ ಬರಬೇಕಾದರೆ ಪರೀಕ್ಷೆ ಬೇಕು. ನಾಳೆ ನಿಮ್ಮ ಮಗುವನ್ನೂ ಯಾರಾದರೂ ಪರೀಕ್ಷೆಗೆ ಕೇಳಬಹುದು. ಆಗ ಹೆದರಬೇಡಿ. ಕಣ್ಣು ಮುಚ್ಚಿ ಒಪ್ಪಲೂ ಬೇಡಿ. ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿ ಇರಬೇಕು, ಕನ್ನಡವಾಗಲಿ, ಮರಾಠಿಯಾಗಲಿ. ಓದಿ. "ಇದರಿಂದ ತೊಂದರೆ ಏನ್ರಿ? ಏನಾದರೂ ಆದರೆ ಯಾರು ನೋಡ್ತೀರಿ?" ಎಂದು ಕೇಳಿ. ಬೇಡ ಎನ್ನುವ ಹಕ್ಕು ನಿಮಗಿದೆ. ನಡುವೆ ಬಿಡುವ ಹಕ್ಕೂ ಇದೆ. 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು.

ನೆನಪಿಡಿ

ದೊಡ್ಡವರ ಗುಳಿಗೆಯನ್ನು ಅಂದಾಜಿನಲ್ಲಿ ಮುರಿದು ಕೂಸಿಗೆ ಕೊಡಬೇಡಿ.
ಡಾಕ್ಟರ ಹತ್ತಿರ ಹೋದಾಗ ಕೂಸಿನ ತೂಕ ಹೇಳಿ. ಅಂಗನವಾಡಿಯಲ್ಲಿ ತೂಕ ಮಾಡುತ್ತಾರೆ.
"ಇದು ನೀರಿನಲ್ಲಿ ಕರಗುವ ಗುಳಿಗೆ ಏನ್ರಿ?" ಎಂದು ಕೇಳಿ.
ಬಾಟಲಿಯ ಮೇಲೆ ಎರಡು ಅಂಕಿ ನೋಡಿ: ಎಷ್ಟು ಮಿಲಿಗ್ರಾಂ, ಎಷ್ಟು ಮಿಲಿಲೀಟರಿಗೆ.
ತಾರೀಕು ಮುಗಿದ ಔಷಧ ಬೇಡ.
ಮಿರಜಿಗೆ, ಕೊಲ್ಲಾಪುರಕ್ಕೆ, ಬೆಳಗಾವಿಗೆ ಹೋದರೆ ಹಳೆಯ ಚೀಟಿ, ಹಳೆಯ ಬಾಟಲಿ ಎರಡನ್ನೂ ಒಯ್ಯಿರಿ.

ಇಂದು ಮನೆಯಲ್ಲಿರುವ ಔಷಧದ ಬಾಟಲಿಗಳನ್ನು ಹೊರಗೆ ತೆಗೆಯಿರಿ. ಅವುಗಳ ಮೇಲಿನ ಅಂಕಿ, ತಾರೀಕು ಓದಿ. ಓದಿದ್ದನ್ನು ಪಕ್ಕದ ಮನೆಯ ಅಕ್ಕನಿಗೂ ತೋರಿಸಿ.