ಹಿಮದ ಮೇಲೆ ಮಗುವಿನ ಮೊದಲ ಪಾಠ

ಫೆಬ್ರುವರಿ ತಿಂಗಳು ಬಂತೆಂದರೆ ಯುರೋಪಿನ ಆಲ್ಪ್ಸ್ ಪರ್ವತದ ಊರುಗಳಲ್ಲಿ ಜಾತ್ರೆಯ ಗದ್ದಲ. ಕರ್ನಾಟಕದ ಮಕ್ಕಳು ವಾರ್ಷಿಕ ಪರೀಕ್ಷೆಗೆ ಸಜ್ಜಾಗುವ ಹೊತ್ತಿಗೆ ಅಲ್ಲಿನ ಶಾಲೆಗಳಿಗೆ ಚಳಿಗಾಲದ ರಜೆ. ಕಾಲಿಗೆ ಎರಡು ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಆಟಕ್ಕಾಗಿ ಇಡೀ ಸಂಸಾರಗಳೇ ಬೆಟ್ಟ ಹತ್ತುತ್ತವೆ. ಉದ್ಯೋಗಕ್ಕಾಗಿ ಜೂರಿಕ್, ಮ್ಯೂನಿಕ್, ಲಂಡನ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಕುಟುಂಬಗಳೂ ಈ ಗುಂಪಿನಲ್ಲಿ ಇರುತ್ತವೆ.

ಅಲ್ಲಿಯ ತಂದೆತಾಯಿಗಳಿಗೆ ಸ್ಕೀ ಹೊಸದಲ್ಲ. ತಾವು ಕಲಿತ ಬೆಟ್ಟಕ್ಕೇ ಮಕ್ಕಳನ್ನೂ ಕರೆತರುತ್ತಾರೆ. ಹಾಸನದಲ್ಲೋ ಧಾರವಾಡದಲ್ಲೋ ಮಳೆ ನೋಡಿ ಬೆಳೆದವರ ಪಾಡು ಹಾಗಲ್ಲ. ಸ್ವತಃ ಕಾಲಿಗೆ ಸ್ಕೀ ಕಟ್ಟದವರು ಐದು ವರ್ಷದ ಮಗುವನ್ನು ಯಾವ ಸ್ಕೀ ಶಾಲೆಗೆ ಸೇರಿಸಬೇಕೆಂದು ಹೇಗೆ ನಿರ್ಧರಿಸಬೇಕು? ಬಣ್ಣದ ಕೈಪಿಡಿಗಳಲ್ಲಿ ಎಲ್ಲ ಶಾಲೆಗಳೂ ಚೆನ್ನಾಗಿಯೇ ಕಾಣುತ್ತವೆ. ಸಮಾಧಾನದ ಸಂಗತಿಯೆಂದರೆ, ಪುಟ್ಟ ಮಕ್ಕಳ ಸ್ಕೀ ಶಾಲೆಯನ್ನು ಅಳೆಯಲು ಸ್ಕೀ ಬರಬೇಕಿಲ್ಲ. ಮಗುವಿಗೆ ಚಳಿಯಾದಾಗ, ದಣಿವಾದಾಗ, ಹೆದರಿಕೆಯಾದಾಗ ಆ ಶಾಲೆ ಏನು ಮಾಡುತ್ತದೆ ಎಂದು ತಿಳಿದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಹಂತ ಹಂತದ ಕಲಿಕೆ

ಆಸ್ಟ್ರಿಯಾದ ಸಾಂಕ್ಟ್ ಆಂಟನ್ ಎಂಬ ಊರಿನಲ್ಲಿ 1921ರಲ್ಲಿ ಹಾನೆಸ್ ಷ್ನೈಡರ್ ಎಂಬಾತ ಒಂದು ಸ್ಕೀ ಶಾಲೆ ತೆರೆದ. ಬಂದವರನ್ನೆಲ್ಲ ಒಟ್ಟಿಗೆ ಬೆಟ್ಟದಿಂದ ಕೆಳಗಿಳಿಸುವ ಬದಲು, ಅವರವರ ಶಕ್ತಿಗೆ ತಕ್ಕಂತೆ ತರಗತಿಗಳಾಗಿ ವಿಂಗಡಿಸಿ, ಸುಲಭದಿಂದ ಕಠಿಣದ ಕಡೆಗೆ ಪಾಠ ಹೇಳುವ ಪದ್ಧತಿಯನ್ನು ಆತ ರೂಢಿಗೆ ತಂದ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಂದು ಕ್ರಮವಾಗಿ ಕಲಿಸುವ ಹಾಗೆ! ಇಂದಿಗೂ ಸ್ಕೀ ಶಾಲೆಗಳು ನಡೆದಿರುವುದು ಹೆಚ್ಚು ಕಡಿಮೆ ಇದೇ ದಾರಿಯಲ್ಲಿ.

ಫ್ರಾನ್ಸ್‌ನಲ್ಲಿ ಕೆಂಪು ಅಂಗಿಯ ಶಿಕ್ಷಕರಿಂದ ಹೆಸರಾದ ‘ಎಕೋಲ್ ದು ಸ್ಕೀ ಫ್ರಾನ್ಸೆ’ ಸಂಸ್ಥೆಗೆ ಇನ್ನೂರಕ್ಕೂ ಹೆಚ್ಚು ಶಾಖೆಗಳಿವೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಅಲ್ಲಿ ‘ಪಿಯುಪಿಯು’, ಅಂದರೆ ಹಕ್ಕಿಮರಿ ಎಂಬ ತರಗತಿ. ಬಳಿಕ ಕರಡಿಮರಿ, ಹಿಮದ ಹಳುಕು, ಒಂದು ನಕ್ಷತ್ರ, ಎರಡು ನಕ್ಷತ್ರ ಎಂದು ಮೇಲೇರುತ್ತಾರೆ. ಸ್ವಿಟ್ಜರ್ಲೆಂಡ್‌ನಲ್ಲಿ ನೀಲಿ, ಕೆಂಪು, ಕಪ್ಪು ಎಂಬ ಮೂರು ಶ್ರೇಣಿಗಳು; ಪುಟ್ಟವರನ್ನು ನಗಿಸಲು ‘ಸ್ನೋಲಿ’ ಎಂಬ ಮೊಲದ ಗೊಂಬೆ. ಇಂತಹ ಕ್ರಮವಿದ್ದರೆ ಒಂದು ಅನುಕೂಲವುಂಟು. ಈ ವರ್ಷ ಒಂದು ಊರಿನಲ್ಲಿ ಕಲಿತ ಮಗು ಬರುವ ವರ್ಷ ಇನ್ನೊಂದು ಊರಿನಲ್ಲಿ ಬಿಟ್ಟಲ್ಲಿಂದಲೇ ಮುಂದುವರಿಯಬಹುದು.

ಯಾವ ವಯಸ್ಸಿಗೆ?

ಜಾರುವಾಗ ವೇಗ ತಡೆಯಲು ಮಕ್ಕಳಿಗೆ ಮೊದಲು ಕಲಿಸುವುದು ‘ನೇಗಿಲು’ ಭಂಗಿ. ಎರಡೂ ಸ್ಕೀಗಳ ಮೂತಿಯನ್ನು ಹತ್ತಿರ ತಂದು ಹಿಂಬದಿಯನ್ನು ಅಗಲಿಸಬೇಕು. ಇಂಗ್ಲಿಷಿನಲ್ಲಿ ಪಾಠ ಹೇಳುವವರು ಇದನ್ನು ‘ಪಿಜ್ಜಾ ತುಂಡು’ ಎಂದು ಕರೆದು ಮಕ್ಕಳಿಗೆ ರುಚಿ ಹತ್ತಿಸುತ್ತಾರೆ. ಹೀಗೆ ಮಾಡಿದಾಗ ಸ್ಕೀಗಳ ಒಳಅಂಚು ಹಿಮವನ್ನು ಕೆರೆಯುತ್ತದೆ. ತಡೆ ಹೆಚ್ಚಿ ವೇಗ ತಗ್ಗುತ್ತದೆ. ಆದರೆ ಹಾಗೆ ಕಾಲು ಅಗಲಿಸಿ ನಿಲ್ಲಲು ತೊಡೆಯ ಸ್ನಾಯುಗಳಲ್ಲಿ ಕಸುವು ಬೇಕು. ಮೂರು ವರ್ಷದ ಮಗುವಿಗೆ ಅದು ಬಲು ಬೇಗ ಸೋತುಹೋಗುತ್ತದೆ. ಆ ವಯಸ್ಸಿಗೆ ಹಿಮದಲ್ಲಿ ಒಂದೆರಡು ಗಂಟೆ ಆಟವೇ ಸಾಕು. ನಾಲ್ಕೈದು ವರ್ಷಕ್ಕೆ ನಿಜವಾದ ಪಾಠ ಆರಂಭಿಸಬಹುದು. ಆರು, ಏಳಕ್ಕೆ ಆರಂಭಿಸಿದರೂ ನಷ್ಟವೇನಿಲ್ಲ. ಅವರು ಚಿಕ್ಕವರಿಗಿಂತ ಬೇಗ ಕಲಿಯುತ್ತಾರೆ.

ಆದ್ದರಿಂದ ಮೂರು ವರ್ಷದ ಮಗುವನ್ನು ಒಂದೇ ವಾರದಲ್ಲಿ ಬೆಟ್ಟದಿಂದ ಇಳಿಸುತ್ತೇವೆಂದು ಹೇಳುವ ಶಾಲೆಗಿಂತ, ಮೊದಲ ದಿನ ಹಿಮದಲ್ಲಿ ನಡೆಯುವುದು, ಬೀಳುವುದು, ಬಿದ್ದು ಏಳುವುದು ಇಷ್ಟನ್ನೇ ಕಲಿಸುತ್ತೇವೆ ಎನ್ನುವ ಶಾಲೆ ಮೇಲು. ಆರಂಭದ ಮಕ್ಕಳ ಕೈಗೆ ಊರುಗೋಲು ಕೊಡದಿದ್ದರೆ ಅದು ಕೊರತೆಯಲ್ಲ. ಕೋಲಿನ ಮೇಲೆ ಭಾರ ಹಾಕದೆ ಕಾಲಿನ ಮೇಲೆಯೇ ಸಮತೋಲ ಕಲಿಯಲೆಂದು ಹಾಗೆ ಮಾಡುತ್ತಾರೆ.

ಚಳಿಯ ಲೆಕ್ಕ

ಪುಟ್ಟ ಮಗುವಿಗೆ ದೊಡ್ಡವರಿಗಿಂತ ಬೇಗ ಚಳಿ ಹತ್ತುತ್ತದೆ. ಇದಕ್ಕೆ ಕಾರಣ ಸರಳ ಗಣಿತ. ಒಂದು ಸೆಂ.ಮೀ. ಬದಿಯ ಘನಾಕೃತಿಯ ಮೇಲ್ಮೈ 6 ಚದರ ಸೆಂ.ಮೀ., ಗಾತ್ರ 1 ಘನ ಸೆಂ.ಮೀ. ಬದಿಯನ್ನು ಎರಡು ಸೆಂ.ಮೀ. ಮಾಡಿದರೆ ಮೇಲ್ಮೈ 24, ಗಾತ್ರ 8. ಅಂದರೆ ಚಿಕ್ಕದರಲ್ಲಿ ಒಂದು ಪಾಲು ಗಾತ್ರಕ್ಕೆ ಆರು ಪಾಲು ಮೇಲ್ಮೈ. ದೊಡ್ಡದರಲ್ಲಿ ಮೂರೇ ಪಾಲು. ಶಾಖ ಹೊರಹೋಗುವುದು ಮೇಲ್ಮೈಯಿಂದ. ದೊಡ್ಡ ಪಾತ್ರೆಯ ಹಾಲಿಗಿಂತ ಪುಟ್ಟ ಲೋಟದ ಹಾಲು ಬೇಗ ಆರುವುದು ಇದರಿಂದಲೇ. ಜೊತೆಗೆ ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ಹೀಗಾಗಿ ಶಾಲೆಯವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ‘ಬೆಚ್ಚಗಿನ ಕೋಣೆ ಎಷ್ಟು ದೂರದಲ್ಲಿದೆ?’ ಎಂಬುದು. ಅಭ್ಯಾಸದ ಜಾಗಕ್ಕೆ ಹೊಂದಿಕೊಂಡಂತೆಯೇ ಕೋಣೆ, ಶೌಚಾಲಯ ಇರಬೇಕು. ನಡುವೆ ಬಿಸಿ ಪಾನೀಯಕ್ಕೆ ಬಿಡುವಿರಬೇಕು. ಮೊದಲ ವರ್ಷ ಅರ್ಧ ದಿನದ ತರಗತಿಯೇ ಸಾಕು. ಇಡೀ ದಿನ ಬಿಡುವುದಾದರೆ ಮಧ್ಯಾಹ್ನದ ಊಟಕ್ಕೆ ಏನು ಕೊಡುತ್ತಾರೆ, ಮಾಂಸ ತಿನ್ನದ ಮಗುವಿಗೆ ಬೇರೆ ಏರ್ಪಾಡು ಇದೆಯೇ ಎಂದು ಮೊದಲೇ ವಿಚಾರಿಸಬೇಕು.

ಚಳಿಯಷ್ಟೇ ಬಿಸಿಲೂ ಕಾಡುತ್ತದೆ. ಹೊಸ ಹಿಮ ಅತಿನೇರಳೆ ಕಿರಣಗಳನ್ನು ನೂರಕ್ಕೆ ಎಂಬತ್ತರಷ್ಟು ಮರಳಿ ಚಿಮ್ಮಿಸಬಲ್ಲದು. ಸಾವಿರ ಮೀಟರ್ ಎತ್ತರಕ್ಕೆ ಈ ಕಿರಣಗಳ ಪ್ರಮಾಣ ನೂರಕ್ಕೆ ಹತ್ತರಷ್ಟು ಏರುತ್ತದೆ. ಕಣ್ಣು ಮುಚ್ಚುವ ಕನ್ನಡಕ, ಮುಖಕ್ಕೆ ಲೇಪನ ಮರೆಯುವಂತಿಲ್ಲ.

ಕೇಳಲೇಬೇಕಾದ ಪ್ರಶ್ನೆಗಳು

ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು? ಪುಟ್ಟವರಾದರೆ ಆರು ಮಂದಿ ಒಳ್ಳೆಯದು. ಎಂಟು ದಾಟಿದರೆ ಒಬ್ಬರು ಬಿದ್ದಾಗ ಉಳಿದವರು ಚಳಿಯಲ್ಲಿ ಕಾಯಬೇಕಾಗುತ್ತದೆ. ರಜೆಯ ವಾರಗಳಲ್ಲಿ ಗುಂಪು ಹಿಗ್ಗುವುದು ಸಾಮಾನ್ಯ. ಬೆಟ್ಟದ ಊರುಗಳು ಒಮ್ಮೆಗೇ ತುಂಬಿಹೋಗದಿರಲೆಂದು ಫ್ರಾನ್ಸ್ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ ಬೇರೆ ಬೇರೆ ವಾರಗಳಲ್ಲಿ ಚಳಿಗಾಲದ ರಜೆ ಕೊಡುತ್ತಾರೆ! ಮಗು ಇನ್ನೂ ಶಾಲೆಗೆ ಸೇರಿಲ್ಲವಾದರೆ ಈ ವಾರಗಳನ್ನು ಬಿಟ್ಟು ಹೋಗುವುದು ಜಾಣತನ.

ಪಾಠ ಯಾವ ಭಾಷೆಯಲ್ಲಿ? ದೊಡ್ಡವರು ಕೈಸನ್ನೆಯಲ್ಲಿ ಕಲಿತಾರು. ಐದರ ಮಗುವಿಗೆ ‘ಚಳಿಯಾಗ್ತಿದೆ’, ‘ಒಂದಕ್ಕೆ ಹೋಗಬೇಕು’ ಎಂದು ಹೇಳಲು ಬಾರದಿದ್ದರೆ ಅಳುವೊಂದೇ ಗತಿ. ಮ್ಯೂನಿಕ್‌ನಲ್ಲಿ ಜರ್ಮನ್ ಶಾಲೆಗೆ ಹೋಗುವ ಕನ್ನಡದ ಮಗುವಿಗೆ ಆಸ್ಟ್ರಿಯಾ ಸಲೀಸು. ಲಂಡನ್‌ನ ಮಗುವಿಗೆ ಇಂಗ್ಲಿಷ್ ಬಲ್ಲ ಶಿಕ್ಷಕರು ಬೇಕೆಂದು ಹೆಸರು ನೋಂದಾಯಿಸುವಾಗಲೇ ಹೇಳಬೇಕು. ‘ಪಿಪಿ’ ಎಂಬ ಮಾತು ಫ್ರೆಂಚ್, ಜರ್ಮನ್ ಎರಡರಲ್ಲೂ ನಡೆಯುತ್ತದೆ!

ಮೇಲೆ ಹೋಗುವುದು ಹೇಗೆ? ಮೊದಲ ದಿನಗಳಿಗೆ ನೆಲದ ಮೇಲೆಯೇ ಮೆಲ್ಲಗೆ ಚಲಿಸುವ ‘ಮ್ಯಾಜಿಕ್ ಕಾರ್ಪೆಟ್’ ಪಟ್ಟಿ ಇರುವ, ದೊಡ್ಡವರು ನುಗ್ಗದಂತೆ ಬೇಲಿ ಹಾಕಿದ ಅಂಗಳವೇ ಸರಿ. ಮುಂದೆ ತೂಗುಕುರ್ಚಿಯಂತಹ ಚೇರ್‌ಲಿಫ್ಟ್ ಏರುವಾಗ ಮಗುವಿನ ಪಕ್ಕ ಯಾರು ಕೂರುತ್ತಾರೆ? ಶಿಕ್ಷಕರು ಒಬ್ಬರೇ, ಕೆಲವೆಡೆ ಸಾಲಿನಲ್ಲಿ ನಿಂತ ಅಪರಿಚಿತರ ಜೊತೆ ಮಕ್ಕಳನ್ನು ಕೂರಿಸುವುದುಂಟು. ಇದು ಒಪ್ಪಿಗೆಯೇ ಎಂದು ತಂದೆತಾಯಿ ಮೊದಲೇ ಯೋಚಿಸಿರಬೇಕು.

ಸಲಕರಣೆ: ದೊಡ್ಡದು ಬೇಡ

ಶಾಲೆಯ ಸಮವಸ್ತ್ರ ಹೊಲಿಸುವಾಗ ‘ಬೆಳೆಯೋ ಮಗು, ಒಂದು ಅಳತೆ ದೊಡ್ಡದಿರಲಿ’ ಎನ್ನುವುದು ಮನೆಮನೆಯ ರೂಢಿ. ಸ್ಕೀ ಬೂಟಿನ ವಿಷಯದಲ್ಲಿ ಇದು ಅಪಾಯ. ಬೂಟು ಸಡಿಲವಾದರೆ ಕಾಲು ತಿರುಗಿದರೂ ಸ್ಕೀ ತಿರುಗದು. ಎರಡೆರಡು ಜೊತೆ ಕಾಲುಚೀಲ ಹಾಕಿದರೆ ರಕ್ತದ ಓಟಕ್ಕೆ ಅಡ್ಡಿಯಾಗಿ ಚಳಿ ಇನ್ನೂ ಹೆಚ್ಚುತ್ತದೆ. ಉದ್ದನೆಯ ಒಂದೇ ಜೊತೆ ಸಾಕು. ಪ್ರತಿ ವರ್ಷ ಪಾದ ಬೆಳೆಯುವುದರಿಂದ ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೇ ಲಾಭ. ಸ್ಕೀಯ ಉದ್ದ ಮಗುವಿನ ಎದೆಯಿಂದ ಗಲ್ಲದ ನಡುವೆ ಇದ್ದರೆ ಹಿಡಿತಕ್ಕೆ ಸಿಗುತ್ತದೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಬಿದ್ದಾಗ ತಾನಾಗಿ ಬಿಟ್ಟುಕೊಂಡು ಕಾಲಿನ ಮೂಳೆಯನ್ನು ಕಾಯುತ್ತದೆ. ಅದರ ಬಿಗಿತವನ್ನು ಮಗುವಿನ ತೂಕ, ಎತ್ತರ ನೋಡಿ ಹೊಂದಿಸುತ್ತಾರೆ. ಅಂಗಡಿಯಲ್ಲಿ ಅಂದಾಜಿಗೆ ತೂಕ ಹೇಳದೆ ತೂಗಿಯೇ ಹೇಳಬೇಕು. ಹೆಲ್ಮೆಟ್ ವಿಷಯದಲ್ಲಂತೂ ರಾಜಿ ಸಲ್ಲದು. ಇಟಲಿಯಲ್ಲಿ 2005ರಲ್ಲೇ 14 ವರ್ಷದೊಳಗಿನ ಮಕ್ಕಳಿಗೆ ಅದು ಕಡ್ಡಾಯವಾಯಿತು. 2022ರಲ್ಲಿ ನಿಯಮ 18 ವರ್ಷದೊಳಗಿನವರಿಗೂ ವಿಸ್ತರಿಸಿತು. ಅಪಘಾತ ವಿಮೆಯಲ್ಲಿ ಬೆಟ್ಟದಿಂದ ಕೆಳಗೆ ಸಾಗಿಸುವ ವೆಚ್ಚ ಸೇರಿದೆಯೇ ಎಂದೂ ನೋಡಿಕೊಳ್ಳಬೇಕು.

ಭಾರತದಲ್ಲೇ ಹಿಮ ನೋಡಬಯಸುವವರಿಗೆ ಕಾಶ್ಮೀರದ ಗುಲ್ಮಾರ್ಗ್ ಇದೆ. ಸುಮಾರು 2,650 ಮೀಟರ್ ಎತ್ತರದ ಈ ತಾಣದಲ್ಲಿ ಸ್ಕೀ ತರಬೇತಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು 1968ರಲ್ಲಿ ಆರಂಭವಾಯಿತು. ಅಲ್ಲಿಯೂ ಪುಟ್ಟ ಮಕ್ಕಳ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಇವೇ.

ಪದಕ ಮುಖ್ಯವೇ?

ವಾರದ ಕೊನೆಗೆ ಪುಟ್ಟ ಪರೀಕ್ಷೆ, ಎದೆಗೆ ಪದಕ. ಮಕ್ಕಳಿಗೆ ಅದು ಹಿಗ್ಗು. ಆದರೆ ‘ಪಕ್ಕದವರ ಮಗನಿಗೆ ನಕ್ಷತ್ರ ಬಂತು, ನಿನಗೇಕಿಲ್ಲ?’ ಎಂಬ ಮಾತು ರ್‍ಯಾಂಕಿನ ಚಾಳಿಯನ್ನು ಹಿಮದ ಬೆಟ್ಟಕ್ಕೂ ಹೊತ್ತೊಯ್ದಂತೆ. ಹಿಮದ ನಡುವೆ ಹುಟ್ಟಿ ಬೆಳೆದ ಮಗುವಿಗೂ ವರ್ಷಕ್ಕೊಂದು ವಾರ ಹಿಮ ಕಾಣುವ ಮಗುವಿಗೂ ಹೋಲಿಕೆ ಎಲ್ಲಿಯದು?

ಮೊದಲ ದಿನ ಅಳದ ಮಕ್ಕಳು ಕಡಿಮೆ. ಮಗು ಅತ್ತರೆ ಎಷ್ಟು ಹೊತ್ತು ನೋಡುತ್ತೀರಿ, ಯಾವಾಗ ಕರೆ ಮಾಡುತ್ತೀರಿ ಎಂದು ಶಾಲೆಯವರನ್ನು ಕೇಳಬೇಕು. ನೇರವಾದ ಉತ್ತರ ಸಿಕ್ಕರೆ ಅದೇ ಒಳ್ಳೆಯ ಶಾಲೆಯ ಗುರುತು. ಎರಡನೆಯ ದಿನವೂ ಮಗು ಹಟ ಹಿಡಿದು ನಿಂತರೆ, ಕಟ್ಟಿದ ಹಣ ಹೋಯಿತೆಂದು ಎಳೆದೊಯ್ಯಬಾರದು. ಹಣ ಹೋದರೆ ಒಂದು ವಾರದ್ದು. ಭಯ ಕುಳಿತರೆ ಅದು ವರ್ಷಗಟ್ಟಲೆ ಉಳಿದೀತು.

ಸಂಜೆ ಬೂಟು ಬಿಚ್ಚುವಾಗ ‘ಇವತ್ತು ಎಷ್ಟು ಕಲಿತೆ?’ ಎಂದು ಕೇಳುವ ಬದಲು ‘ನಾಳೆ ಮತ್ತೆ ಹೋಗ್ತೀಯಾ, ಕಂದಾ?’ ಎಂದು ಕೇಳಬೇಕು. ಹೂಂ ಎಂದರೆ ಶಾಲೆಯ ಆಯ್ಕೆ ಸರಿಯಾಗಿದೆ ಎಂದೇ ಅರ್ಥ.