ಕುಡಿಯುವವರನ್ನೂ ಬೆಳೆಸಿದ ಬೆಳೆಗಾರರು

ಮೈಸೂರಿನ ಚಾಮರಾಜಪುರಂ ರೈಲು ನಿಲ್ದಾಣದ ಆಸುಪಾಸಿನ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದರೆ ಹುರಿದ ಕಾಫಿಬೀಜದ ಘಮ ಯಾವ ತಿರುವಿನಲ್ಲಾದರೂ ಬಂದು ಹಿಡಿದು ನಿಲ್ಲಿಸೀತು. ಪುಡಿ ಅಂಗಡಿಯ ಮುಂದೆ ನಿಂತವರು "ಅರ್ಧ ಪೀಬೆರಿ, ಅರ್ಧ ಪ್ಲಾಂಟೇಶನ್ ಎ, ಚಿಕೋರಿ ಚೂರೇ ಚೂರು" ಎಂದು ವೈದ್ಯರು ಔಷಧಿ ಬರೆದುಕೊಡುವ ಗಾಂಭೀರ್ಯದಲ್ಲಿ ಹೇಳುತ್ತಿರುತ್ತಾರೆ. ಈ ರುಚಿ ತಾತ ಮುತ್ತಾತನ ಕಾಲದಿಂದ ತಾನಾಗಿಯೇ ಬಂದದ್ದು ಅಂತ ಎಲ್ಲರ ನಂಬಿಕೆ. ಆದರೆ ಕೇಳಿ: ಈ ಚಟದ ಹಿಂದೆ ಒಂದು ಕಾಯಿದೆ ಇದೆ! ಅದಕ್ಕೊಂದು ಇಸವಿಯೂ ಇದೆ, 1935. ದುಡ್ಡು ಕೊಟ್ಟವರು ಯಾರು ಅಂದಿರಿ? ತೋಟದವರು!

ನನಗೆ ಈ ಸುಳಿವು ಸಿಕ್ಕಿದ್ದು ಗೋಧಿಯಿಂದ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 1957ರಲ್ಲಿ ಒಂದು ಗೋಧಿ ಆಯೋಗ ಹುಟ್ಟಿತು. ರೈತ ಗೋಧಿ ಮಾರಿದಾಗ ಬುಷೆಲ್‌ಗೆ ಇಷ್ಟು ಎಂದು ಚಿಲ್ಲರೆ ಕಾಸನ್ನು ಕೊಳ್ಳುವವನೇ ಮುರಿದುಕೊಂಡು ಆಯೋಗಕ್ಕೆ ಕಟ್ಟುತ್ತಾನೆ. ಬುಷೆಲ್ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 27 ಕಿಲೋ. ಆ ಚಿಲ್ಲರೆ ಗುಡ್ಡೆಯಾಗಿ ಒಂದು ಪಾಲು ಹೊಸ ತಳಿ ಹುಡುಕುವುದಕ್ಕೆ ಹೋಗುತ್ತದೆ, ಇನ್ನೊಂದು ಪಾಲು ದೂರದೇಶಗಳಲ್ಲಿ ಗೋಧಿ ತಿನ್ನುವವರನ್ನು ಹುಡುಕುವುದಕ್ಕೆ. ಆಸ್ಟ್ರೇಲಿಯದ ಗೋಧಿ ರೈತರೂ ಮಾರಿದ ಬೆಲೆಯಲ್ಲಿ ನೂರಕ್ಕೆ ಸುಮಾರು ಒಂದರಷ್ಟನ್ನು ಹೀಗೇ ಬಿಟ್ಟುಕೊಡುತ್ತಾರೆ. ಎಂಥ ಜಾಣತನ ಅಂತ ಬೆರಗಾಗಿ, ನಮ್ಮಲ್ಲೂ ಯಾರಾದರೂ ಹೀಗೆ ಮಾಡಿದ್ದುಂಟೇ ಎಂದು ಹುಡುಕುತ್ತ ಹೊರಟೆ. ಹುಡುಕಾಟ ನೇರವಾಗಿ ಮಲೆನಾಡು ಹತ್ತಿತು. ನಮ್ಮ ಕಾಫಿ ಬೆಳೆಗಾರರು ಕ್ಯಾನ್ಸಸ್ಸಿನವರಿಗಿಂತ 22 ವರ್ಷ ಮೊದಲೇ ಈ ಕೆಲಸ ಶುರುಮಾಡಿದ್ದರು!

ಹಾಗಂತ ಇವರೇ ಮೊದಲಿಗರೂ ಅಲ್ಲ. ಚಹಾದವರು 1903ರಲ್ಲೇ ತಮ್ಮ ಮೇಲೆ ತಾವೇ ಸೆಸ್ ಹಾಕಿಸಿಕೊಂಡು ದೇಶಕ್ಕೆಲ್ಲ ಟೀ ಕುಡಿಯುವುದನ್ನು ಕಲಿಸಲು ಹೊರಟಿದ್ದರು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಕಾಫಿ ಬೆಲೆ ನೆಲಕಚ್ಚಿತು. ಆಗ ಹೊರಟಿದ್ದೇ 1935ರ ಇಂಡಿಯನ್ ಕಾಫಿ ಸೆಸ್ ಕಾಯಿದೆ. ರಫ್ತಾಗುವ ಕಾಫಿಯ ಮೇಲೆ ಸುಂಕ, ಆ ಸುಂಕದಿಂದ ಒಂದು ಸೆಸ್ ಸಮಿತಿ. ಆ ಸಮಿತಿ ಮಾಡಿದ ಕೆಲಸ ನೋಡಿ: ಹೋಟೆಲು ತೆರೆಯಿತು! 1936ರ ಸೆಪ್ಟೆಂಬರ್ 28ರಂದು ಬೊಂಬಾಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್. ಮುಂದೆ ದೇಶದ ಕವಿಗಳು, ಪತ್ರಕರ್ತರು, ನಿರುದ್ಯೋಗಿಗಳು, ಕ್ರಾಂತಿಕಾರಿಗಳು ಒಂದೇ ಕಪ್ಪಿನ ಮುಂದೆ ಗಂಟೆಗಟ್ಟಲೆ ಕೂತು ಹರಟಿದ ಆ ಮೇಜುಗಳೆಲ್ಲ ಮೂಲತಃ ಬೆಳೆಗಾರರ ಜಾಹೀರಾತು. ಕಾಫಿ ಹೌಸಿನ ಬಗ್ಗೆ ಅಷ್ಟೆಲ್ಲ ನೆನಪು ಬರೆದವರಲ್ಲಿ ಚಿಕ್ಕಮಗಳೂರಿಗೂ ಕೊಡಗಿಗೂ ಒಂದು ಥ್ಯಾಂಕ್ಸ್ ಹೇಳಿದವರು ಕಡಿಮೆ ಅಂತ ನನ್ನ ಗುಮಾನಿ.

ಅಷ್ಟರಲ್ಲಿ ಯುದ್ಧ. ಯುರೋಪಿನ ಬಾಗಿಲು ಮುಚ್ಚಿತು, ಬೀಜ ಗೋದಾಮಿನಲ್ಲಿ ಉಳಿಯಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ, ಬೆಂಗಳೂರಿನಲ್ಲಿ ಕಾಫಿ ಮಂಡಳಿ. ಈ ಕಾಯಿದೆಯ ಒಳಗಿನ ಯಂತ್ರ ನನ್ನನ್ನು ಮರುಳುಮಾಡಿತು. ಬೆಳೆಗಾರ ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು 'ಪೂಲ್'ಗೆ ಒಪ್ಪಿಸಬೇಕಿತ್ತು. ಯಾರ ತೋಟದ್ದು ಯಾವುದು ಎಂಬ ಭೇದ ಅಲ್ಲಿಗೆ ಮುಗಿಯಿತು, ದರ್ಜೆಗೆ ತಕ್ಕ ಅಂಕ ಮಾತ್ರ ಉಳಿಯಿತು. ಮೊದಲೊಂದು ಕಂತು, ಹರಾಜಿನಲ್ಲಿ ಮಾರಾಟವಾದಂತೆಲ್ಲ ಅಂಕಕ್ಕೆ ಇಷ್ಟು ಎಂದು ಮತ್ತಷ್ಟು ಕಂತು. ಎರಡು ಎಕರೆಯವನಿಗೂ ಇನ್ನೂರು ಎಕರೆಯ ಸಾಹುಕಾರನಿಗೂ ಅಂಕಕ್ಕೆ ಒಂದೇ ದರ! ಪೂಲ್ ನಿಧಿ ಬೆಳೆಗಾರನ ಹಣಕ್ಕೆ. ಸೆಸ್ಸಿನ ಸಾಮಾನ್ಯ ನಿಧಿಯಿಂದ ಸಂಶೋಧನೆ, ಪ್ರಚಾರ, ತೋಟಗಳಿಗೆ ನೆರವು. ಎರಡು ಪೆಟ್ಟಿಗೆ, ಎರಡು ಬೀಗ.

ಇನ್ನು ಸಂಶೋಧನೆಯ ಕಥೆ! ಇಲ್ಲಿ ಮೊದಲ ಕಾಸು ಮೈಸೂರು ಸರ್ಕಾರದ್ದು. ಎಲೆತುಕ್ಕು ರೋಗ ತೋಟಗಳನ್ನು ಬೋಳಿಸುತ್ತಿತ್ತು; ಇದೇ ರೋಗ ಸಿಂಹಳದ ಕಾಫಿಯನ್ನು ಹತ್ತೊಂಬತ್ತನೇ ಶತಮಾನದಲ್ಲೇ ಮುಗಿಸಿ ಆ ದ್ವೀಪವನ್ನು ಚಹಾದ ಕಡೆ ತಳ್ಳಿತ್ತು. ಮೈಸೂರಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್, ಕೆನಡಾದವರು, ಅಡಿಕೆಯ ಕೊಳೆರೋಗಕ್ಕೆ ಸುಣ್ಣ ಮೈಲುತುತ್ತದ ಬೋರ್ಡೋ ದ್ರಾವಣ ಹಿಡಿಸಿದ ಪುಣ್ಯಾತ್ಮರು. ಅವರ ಕಾಲದಲ್ಲೇ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಪ್ರಯೋಗಾಲಯ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ. ಮುಂದೆ ಅದು ಕಾಫಿ ಮಂಡಳಿಯ ಮಡಿಲಿಗೆ ಬಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು.

ಅಲ್ಲಿ ಹುಟ್ಟಿದ್ದು ಎಸ್.795 ಎಂಬ ಕಾಫಿ ತಳಿ. ಅದರ ವಂಶಾವಳಿ ಯಾವ ಕಾದಂಬರಿಗೂ ಕಡಿಮೆಯಿಲ್ಲ. ಒಂದು ಕಡೆ ಕೆಂಟ್ಸ್, 1911ರ ಸುಮಾರಿಗೆ ಕೆಂಟ್ ಎಂಬ ತೋಟದೊಡೆಯ ತನ್ನ ಗಿಡಗಳ ನಡುವೆ ಆರಿಸಿದ್ದು. ಇನ್ನೊಂದು ಕಡೆ ಎಸ್.288, ಅದರ ಮೂಲಗಿಡದಲ್ಲಿ ಅರೇಬಿಕಾ ಮತ್ತು ಲೈಬೀರಿಕಾ, ಎರಡು ಬೇರೆ ಬೇರೆ ಪ್ರಭೇದಗಳು, ಯಾರೂ ಮದುವೆ ಮಾಡಿಸದೆ ತೋಟದಲ್ಲಿ ತಾವೇ ಕೂಡಿಕೊಂಡಿದ್ದವು! ಲೈಬೀರಿಕಾದಿಂದ ಬಂದ ತುಕ್ಕು ತಡೆಯುವ ವಂಶವಾಹಿಯನ್ನು ಇಂದು ವಿಜ್ಞಾನಿಗಳು ಎಸ್‌ಎಚ್3 ಎಂದು ಕರೆಯುತ್ತಾರೆ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಿಡುಗಡೆಯಾದ ಈ ತಳಿ ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿದೆ. ತುಕ್ಕು ಸುಮ್ಮನಿರಲಿಲ್ಲ, ಹೊಸ ಹೊಸ ರೂಪ ತಾಳಿ ಈ ತಡೆಯನ್ನೂ ದಾಟಿತು. ಅದಕ್ಕೆ ಉತ್ತರವಾಗಿ 2007ರಲ್ಲಿ ಚಂದ್ರಗಿರಿ ತಳಿ ಬಂತು. ಬಿಳಿ ಕಾಂಡಕೊರಕ ಹುಳುವಿಗೆ ಮಾತ್ರ ಅರೇಬಿಕಾದವರು ಈಗಲೂ ಬೆಚ್ಚುತ್ತಾರೆ. ಇಂಥ ಸಮರದ ಒಂದು ಠಾಣೆ ಎಲ್ಲಿದೆ ಗೊತ್ತೇ? ಮೈಸೂರಲ್ಲೇ! ಚಾಮರಾಜಪುರಂ ಬಿಟ್ಟು, ಸರಸ್ವತಿಪುರಂ ದಾಟಿ, ಕುಕ್ಕರಹಳ್ಳಿ ಕೆರೆ ಬಳಸಿದರೆ ಮಾನಸಗಂಗೋತ್ರಿ. ಅಲ್ಲಿ ಕಾಫಿ ಮಂಡಳಿಯ ಅಂಗಾಂಶ ಕೃಷಿ ಮತ್ತು ಜೈವಿಕ ತಂತ್ರಜ್ಞಾನ ವಿಭಾಗ. ಲೋಟ ಹಿಡಿದು ಓಡಾಡುವ ನಮ್ಮ ಎಷ್ಟು ಜನಕ್ಕೆ ಇದು ಗೊತ್ತು?

ಪೂಲನ್ನು ಎಲ್ಲರೂ ಹೊಗಳಲಿಲ್ಲ, ಹೊಗಳಬೇಕಾಗಿಯೂ ಇರಲಿಲ್ಲ. ತಾನು ಬೆಳೆದದ್ದನ್ನು ತಾನೇ ಮಾರಲಾಗದೆ, ಕಂತಿಗಾಗಿ ವರ್ಷಗಟ್ಟಲೆ ಕಾದವನ ಸಿಟ್ಟು ನ್ಯಾಯವಾದದ್ದೇ. ತೊಂಬತ್ತರ ದಶಕದಲ್ಲಿ ಬಿಗಿ ಸಡಿಲಾಯಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಲೆ ಆಕಾಶಕ್ಕೇರಿದ್ದು ಆ ಗಡಿಬಿಡಿಯಲ್ಲೇ. 1996ಕ್ಕೆ ಪೂರ್ತಿ ಬಿಡುಗಡೆ. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಮೊದಲ ಅಂಗಡಿ. ತೆರೆದ ಸಿದ್ಧಾರ್ಥ ಚಿಕ್ಕಮಗಳೂರಿನ ತೋಟದ ಮನೆತನದವರು. ಬೆಳೆದವನೇ ಕುಡಿಸುವ ಅಂಗಡಿಯನ್ನೂ ತೆರೆಯುವ ಆ ಚರ್ಚ್‌ಗೇಟ್ ಉಪಾಯ ಮತ್ತೆ ಹೊಸ ಬಟ್ಟೆ ತೊಟ್ಟು ಬಂದಿತ್ತು! ಹಳೆಯ ಕಾಫಿ ಹೌಸುಗಳಾದರೋ, ಐವತ್ತರ ದಶಕದಲ್ಲಿ ಮಂಡಳಿ ಕೈಬಿಟ್ಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರ ಸಹಕಾರ ಸಂಘಗಳ ಕೈಸೇರಿದ್ದವು. ಮೊದಲ ಸಂಘ 1957ರಲ್ಲಿ ಬೆಂಗಳೂರಿನದು.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಬೆರಗು. ಎಸ್.795 ಸಮುದ್ರ ದಾಟಿ ಇಂಡೊನೇಷ್ಯಾ ಸೇರಿದೆ. ಅಲ್ಲಿನ ರೈತರು ಅದನ್ನು ಜೆಂಬರ್ ಎನ್ನುತ್ತಾರೆ, ಅವರಿಗೆ ಸಸಿ ಹಂಚಿದ ಸಂಶೋಧನಾ ಕೇಂದ್ರವಿದ್ದ ಊರಿನ ಹೆಸರಲ್ಲಿ. ಆ ಹೆಸರಿನಲ್ಲಿ ಬಾಳೆಹೊನ್ನೂರಿನ ಸುಳಿವೇ ಇಲ್ಲ.